ಹರಕೆ ತೀರಿಸಲು ಚಂದಾವರಕ್ಕೆ ಹೊರಟವರಿಗೆ

ಡಿಸೆಂಬರ್ 3ಕ್ಕೆ ಉತ್ತರ ಕನ್ನಡದ ಕುಮಟಾ ಹತ್ತಿರದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಇಗರ್ಜಿಯ (ಚರ್ಚಿನ) ಫೆಸ್ತ್, ಅಂದರೆ ವರ್ಷದ ಹಬ್ಬ. ಈ ಸಲ ಹೋಗಬೇಕು ಅಂದುಕೊಂಡಿದ್ದರೆ, ಅದರಲ್ಲೂ ಹರಕೆ ಬಾಕಿ ಇದ್ದರೆ, ಬಸ್ಸು ರೈಲು ನೋಡುವ ಮೊದಲು ಒಂದು ಕೆಲಸ ಮಾಡಿ. ದೇವರ ಮುಂದೆ ಏನಂತ ಹೇಳಿಕೊಂಡಿದ್ದಿರಿ, ಸರಿಯಾಗಿ ನೆನಪು ಮಾಡಿಕೊಳ್ಳಿ. ಫೆಸ್ತಿಗೇ ಬರುತ್ತೇನೆ ಅಂದಿದ್ರಾ, ಸುಮ್ನೆ ಚಂದಾವರಕ್ಕೆ ಬರುತ್ತೇನೆ ಅಂದಿದ್ರಾ? ನಡೆದು ಬರುತ್ತೇನೆ ಅಂದಿದ್ರಾ? ಯಾವ ದಿನ, ಹೇಗೆ ಹೋಗಬೇಕು ಅನ್ನೋದೆಲ್ಲ ಅಲ್ಲೇ ತೀರ್ಮಾನವಾಗುತ್ತದೆ.

ನಮ್ಮಮ್ಮ ಹೊತ್ತಿದ್ದು ನಡೆಯುವ ಹರಕೆ. ನನ್ನ ತಮ್ಮನ ಜ್ವರ ಇಳಿದರೆ ಕುಮಟಾದಿಂದ ಕಾಲ್ನಡಿಗೆಯಲ್ಲಿ ಬಂದು ಮೊಂಬತ್ತಿ ಹಚ್ಚುತ್ತೇನೆ ಅಂತ. ತಮ್ಮ ಹುಷಾರಾದ, ಆದರೆ ಅಷ್ಟರಲ್ಲಿ ಅಮ್ಮನ ಮಂಡಿ ನೋವು ಜಾಸ್ತಿಯಾಯಿತು. "ದೇವರಿಗೆ ಗೊತ್ತಾಗಲ್ವಾ, ಕಾರಲ್ಲಿ ಹೋಗಿ ಬಾ" ಅಂದರು ನೆಂಟರು. "ನಿನ್ನ ಬದಲು ನಾನು ನಡೀತೇನೆ" ಅಂದ ತಮ್ಮ. ಅಮ್ಮ ಎರಡಕ್ಕೂ ಒಪ್ಪಲಿಲ್ಲ. ಕಾರವಾರದಲ್ಲಿ ನಮ್ಮ ಫಾದರ್ ಹತ್ತಿರವೇ ಹೋಗಿ ಕೇಳಿದೆವು.

ಕೇಳಿದ್ದು ಒಳ್ಳೆಯದೇ ಆಯಿತು. ಕ್ಯಾಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯಲ್ಲಿ ಇದಕ್ಕೆಲ್ಲ ದಾರಿ ಇದೆ. ಹರಕೆ ಹೊತ್ತವರ ಮೇಲೆ ಮಾತ್ರ ಇರುತ್ತದೆ, ಮಗನ ತಲೆಗೆ ಬರುವುದಿಲ್ಲ. ಅದಕ್ಕೆ ಸಮನಾದ ಅಥವಾ ಇನ್ನೂ ಒಳ್ಳೆಯ ಕೆಲಸಕ್ಕೆ ಹೊತ್ತವರೇ ಬದಲಾಯಿಸಿಕೊಳ್ಳಬಹುದು, ಆದರೆ ಕಡಿಮೆ ಮಾಡಬೇಕಾದರೆ ಗುರುಗಳನ್ನು ಕೇಳಬೇಕು. ನ್ಯಾಯವಾದ ಕಾರಣ ಇದ್ದರೆ ಅವರು ಬಿಡುಗಡೆಯನ್ನೂ ಕೊಡಬಹುದು. ಫಾದರ್ ಅಮ್ಮನಿಗೆ ಹೇಳಿದ್ದು ಇಷ್ಟೇ: ಕೊನೆಯ ಸ್ವಲ್ಪ ದೂರ ನಡಿ, ಉಳಿದದ್ದಕ್ಕೆ ಇಗರ್ಜಿಯಲ್ಲಿ ಕೂತು ಪೂರ್ತಿ ಜಪಸರ (ರೋಸರಿ ಪ್ರಾರ್ಥನೆ) ಹೇಳು.

ಫಾದರ್ ಇನ್ನೊಂದು ವಿಷಯ ನೆನಪಿಸಿದರು. ಝೇವಿಯರ್ ಕೂಡ ಹರಕೆ ಹೊತ್ತವರೇ. 1534ರ ಆಗಸ್ಟ್ 15ರಂದು ಪ್ಯಾರಿಸ್ಸಿನ ಮೊಂಮಾರ್ತ್ರ್ ಗುಡ್ಡದಲ್ಲಿ ಮುಂದೆ ಯೇಸುಸಭೆ (ಜೆಸ್ವಿಟ್ ಸಂಘ) ಕಟ್ಟಿದ ಇಗ್ನೇಷಿಯಸ್ ಮತ್ತು ಗೆಳೆಯರ ಜೊತೆ ಸೇರಿ ಜೆರುಸಲೇಮಿಗೆ ಹೋಗುತ್ತೇವೆ, ಆಗದಿದ್ದರೆ ಪೋಪರು ಎಲ್ಲಿಗೆ ಕಳಿಸುತ್ತಾರೋ ಅಲ್ಲಿಗೆ ಹೋಗುತ್ತೇವೆ ಅಂತ ಮಾತು ಕೊಟ್ಟಿದ್ದರು. ವೆನಿಸ್‌ಗೆ ಹೋಗಿ ಕಾದರು, ಯುದ್ಧದಿಂದ ಹಡಗು ಸಿಗಲಿಲ್ಲ. ಇನ್ನೇನು ಮಾಡೋದು ಅಂತ ಮನೆಗೆ ಹೋಗಲಿಲ್ಲ, ಮಾತಿನ ಎರಡನೇ ಭಾಗ ಹಿಡಿದರು. ಅದರಿಂದಲೇ 1542ರಲ್ಲಿ ಗೋವಾಕ್ಕೆ ಬಂದರು. 1552ರ ಡಿಸೆಂಬರ್ 3ರಂದು ಚೀನಾದ ತೀರದ ಒಂದು ದ್ವೀಪದಲ್ಲಿ ತೀರಿಕೊಂಡರು, ಫೆಸ್ತ್ ಆ ದಿನವೇ. ನನಗಂತೂ ಅಮ್ಮನ ಹರಕೆಯ ಬೆಲೆ ಆಗ ಸರಿಯಾಗಿ ಅರ್ಥವಾಯಿತು.

ಈಗ ದಾರಿ. ಕಾರವಾರದಿಂದ ಕುಮಟಾಕ್ಕೆ ಹೆದ್ದಾರಿ 66ರಲ್ಲಿ ಸುಮಾರು 70 ಕಿಲೋಮೀಟರ್. ರೈಲೂ ಇದೆ, ಆದರೆ ಕಾರವಾರದ ಸ್ಟೇಷನ್ ಇರೋದು ಊರಾಚೆ ಶಿರವಾಡದಲ್ಲಿ, ಬೇಗ ಹೊರಡಿ. ಚಂದಾವರ ಹೆದ್ದಾರಿ ಬಿಟ್ಟು ಒಳಗಿದೆ, ಆಟೋ ಹತ್ತುವ ಮೊದಲೇ ದರ ಮಾತಾಡಿಕೊಳ್ಳಿ. ನಡೆಯುವವರು ಬೆಳಕು ಹರಿಯುವಾಗಲೇ ಹೊರಡಬೇಕು, ಹತ್ತು ಗಂಟೆ ಆದ ಮೇಲೆ ಡಾಂಬರು ಸುಡುತ್ತದೆ. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ರಸ್ತೆಯಂಚಿನ ಕೆಂಪು ಮಣ್ಣಲ್ಲೇ ನಡೆದರು. ಅಲ್ಲಲ್ಲಿ ನಿಂತು ಹಿಮ್ಮಡಿಗೆ ಅಂಟಿದ ಹರಳು ಕೆರೆದುಕೊಂಡು ಮತ್ತೆ ಹೊರಟರು. ಮನೆಯಿಂದ ತಂದ ಮೊಂಬತ್ತಿ ಚೀಲದಲ್ಲಿ ಬಿಸಿಲಿಗೆ ಬಾಗಿ ಹೋಗಿತ್ತು, ಪೇಪರಲ್ಲಿ ಸುತ್ತಿ ನೆರಳಲ್ಲಿ ಇಟ್ಟುಕೊಳ್ಳಿ.

ಹರಕೆ ಫೆಸ್ತಿನ ದಿನದ್ದೇ ಅಲ್ಲದಿದ್ದರೆ ನೊವೆನಾ, ಅಂದರೆ ಫೆಸ್ತಿಗೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯ ದಿನಗಳಲ್ಲಿ ಹೋಗಿ. ವಯಸ್ಸಾದವರಿಗೆ ಕೂರಲು ಜಾಗ ಸಿಗುತ್ತದೆ, ಪಾಪನಿವೇದನೆಗೂ ಪುರುಸೊತ್ತು ಇರುತ್ತದೆ. ಪೂಜೆಯ ಸಮಯ ಮೊದಲೇ ಫೋನ್ ಮಾಡಿ ಕೇಳಿ.

ಒಂದು ಮಾತು ಮನಸ್ಸಿಟ್ಟು ಹೇಳುತ್ತೇನೆ. ಅಲ್ಲಿ ಜನ, ಹಾಡು, ಮೊಂಬತ್ತಿ ನೋಡಿ ಮನಸ್ಸು ತುಂಬಿ ಬರುತ್ತದೆ, ಬಾಯಿಗೆ ಹೊಸ ಹರಕೆ ಬಂದುಬಿಡುತ್ತದೆ. ತಡೆಯಿರಿ. ಹೊತ್ತು ತೀರಿಸದೆ ಇರೋದಕ್ಕಿಂತ ಹೊರದೆ ಇರೋದೇ ಮೇಲು ಅಂತ ಬೈಬಲಿನ ಉಪದೇಶಕ ಗ್ರಂಥದ 5ನೇ ಅಧ್ಯಾಯದಲ್ಲೇ ಇದೆ. ಮಂಡಿ ವಾಸಿಯಾಗಲಿ ಅಂತ ಹರಕೆ ಹೊರು ಅಂತ ಪಕ್ಕದಲ್ಲಿದ್ದ ಒಬ್ಬರು ಅಮ್ಮನಿಗೆ ಹೇಳಿದರು. "ಇವತ್ತು ಥ್ಯಾಂಕ್ಸ್ ಹೇಳಕ್ಕೆ ಬಂದಿದ್ದೇನೆ" ಅಂದು ಅಮ್ಮ ಜಪಸರ ಮುಂದುವರಿಸಿದರು.

ಶಿರಸಿ ಕಡೆಯವರು ದೇವಿಮನೆ ಘಾಟಿ ಇಳಿದು ಕುಮಟಾಕ್ಕೆ ಬರಬಹುದು, ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ವಿಚಾರಿಸಿ.