ಸ್ಕೇಟಿಂಗ್ ಹಾಲ್: ಜುಲೈಯಲ್ಲೂ ಒಣ ನೆಲ!

ಇವತ್ತು ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದು ಮೊದಲು ಅಂಗೈಯನ್ನು ನೆಲಕ್ಕೆ ಒತ್ತಿದೆ. ಒಣಗಿತ್ತು! ಹೊರಗೆ ಸುರತ್ಕಲ್ ಮಳೆ ರಾತ್ರಿಯಿಡೀ ಬಿಟ್ಟಿರಲಿಲ್ಲ. ಮೂರು ವಾರದಿಂದ ಇದಕ್ಕೇ ಕಾಯುತ್ತಿದ್ದೆ.

ಗೋಡಾನ್ ಬಾಡಿಗೆಗೆ ಹಿಡಿದದ್ದು, ನೆಲಕ್ಕೆ ಎಪಾಕ್ಸಿ (ಗಟ್ಟಿಯಾಗಿ ಕೂರುವ ರಾಳದ ಲೇಪ) ಹೊಡೆದದ್ದು ಎಲ್ಲ ಮಾರ್ಚ್‌ನ ಕತೆ, ಬಿಡಿ. ಮೇ ತನಕ ಚಕ್ರಗಳಿಗೆ ಒಳ್ಳೇ ಹಿಡಿತ ಇತ್ತು. ಜೂನ್ ಕೊನೆಯಲ್ಲಿ ತಿರುವಿನಲ್ಲಿ ಮಕ್ಕಳು ಒಬ್ಬರ ಹಿಂದೆ ಒಬ್ಬರು ಜಾರತೊಡಗಿದರು. ಗಡಸುತನ 85ಎ ಇದ್ದ ಚಕ್ರ ತೆಗೆದು ಮೆತ್ತಗಿನ 78ಎ ಹಾಕಿದೆ. ಸ್ವಲ್ಪ ಸುಧಾರಿಸಿತು, ಅಷ್ಟೆ. ಫಿನಾಯಿಲ್ ನಿಲ್ಲಿಸಿ ಬರೀ ನೀರಲ್ಲಿ ಒರೆಸಿದರೆ ಒಣಗಲೇ ಇಲ್ಲ. ಕಿಟಕಿ ತೆರೆದು ಎರಡೂ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಒದ್ದೆ ಇನ್ನೂ ಜಾಸ್ತಿ!

ನೆಲದಡಿಯಿಂದ ನೀರು ಏರ್ತಾ ಇದೆ, ಎಪಾಕ್ಸಿ ಕಿತ್ತು ಮತ್ತೆ ಹೊಡೀಬೇಕು ಅಂದರು ಮೇಸ್ತ್ರಿ. ನನಗೆ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಅದಕ್ಕೆ ಮುಂಚೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಾಸಿ, ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ ಹಾಳೆಯ ಮೇಲೆ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು. ಎತ್ತಿ ನೋಡಿದರೆ ಅಡಿ ಪೂರ್ತಿ ಒಣ. ನೀರು ಬರುತ್ತಿದ್ದದ್ದು ಗಾಳಿಯಿಂದ! ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ನೆಲ ಬೆವರುತ್ತಿತ್ತು. ಅದಕ್ಕೆ ಧೂಳು ಸೇರಿದರೆ ಸಾಬೂನು ಹಚ್ಚಿದ ಹಾಗೆಯೇ.

ಲೆಕ್ಕ ಹಾಕೋಣ ಅಂದರೆ ಗಾಳಿಯ ತೇವಾಂಶ ಅಳೆಯುವ ನನ್ನ ಎರಡು ಹೈಗ್ರೋಮೀಟರ್ ಒಂದಕ್ಕೊಂದು ತಾಳೆಯಾಗಲಿಲ್ಲ. ಒಂದು ಶೇಕಡಾ 76 ಅಂದರೆ ಇನ್ನೊಂದು 88. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಎರಡೂ ಮೀಟರ್ ಜೊತೆ ಜಿಪ್ ಚೀಲದಲ್ಲಿ ಮುಚ್ಚಿಟ್ಟೆ. ಒದ್ದೆ ಉಪ್ಪಿನ ಸುತ್ತ ತೇವಾಂಶ 75ಕ್ಕೆ ನಿಲ್ಲುತ್ತದೆ. ಮಳೆಗಾಲದಲ್ಲಿ ಅಮ್ಮನ ಉಪ್ಪಿನ ಭರಣಿ ನೀರು ಬಿಡುವುದು ಗಾಳಿಯ ತೇವಾಂಶ ಆ 75 ದಾಟುವುದರಿಂದಲೇ. ಮರುದಿನ 88ರ ಮೀಟರ್ 75 ತೋರಿಸಿತು. ಇನ್ನೊಂದು ಕಪಾಟು ಸೇರಿತು.

ಆಮೇಲೆ ಎಲ್ಲ ಬಿಡಿಸಿಕೊಂಡಿತು. ಗಾಳಿ 28.5 ಡಿಗ್ರಿ, ತೇವಾಂಶ 88. ಅಂದರೆ 26.3 ಡಿಗ್ರಿಗಿಂತ ತಣ್ಣಗಿರುವ ಯಾವುದರ ಮೇಲೂ ಇಬ್ಬನಿ ಕಟ್ಟುತ್ತದೆ. ನನ್ನ ನೆಲ 25.6! ಕಿಟಕಿ ತೆರೆದಷ್ಟೂ ಕಡಲ ಗಾಳಿಯನ್ನು ನಾನೇ ಒಳಗೆ ಕರೆಯುತ್ತಿದ್ದೆ.

ಕಿಟಕಿ ಮುಚ್ಚಿದೆ. ಶೀಟಿನಡಿಯ ಸಂದಿಗೆ ಫೋಮ್ ತುಂಬಿದೆ. ಗಾಳಿಯಿಂದ ದಿನಕ್ಕೆ 50 ಲೀಟರ್ ನೀರು ಎಳೆಯುವ ಎರಡು ಡಿಹ್ಯುಮಿಡಿಫೈಯರ್ ತರಿಸಿದೆ. ಮಾರಿದವರ ಮೇಲೆ ನನಗೆ ಸಿಟ್ಟಿದೆ. ಹಾಲ್ ಎಷ್ಟು ಎತ್ತರ ಅಂತ ಒಂದು ಮಾತು ಕೇಳಲಿಲ್ಲ, ನೀರು ಹೋಗುವ ಪೈಪೂ ಕೊಡಲಿಲ್ಲ. ಒಳಗಿನ ಟ್ಯಾಂಕ್ ಆರೇ ಲೀಟರ್. ಮೊದಲ ರಾತ್ರಿ ಮೂರು ಗಂಟೆಯಲ್ಲಿ ತುಂಬಿ ಮೆಷಿನ್ ನಿಂತಿತು. ಬೆಳಿಗ್ಗೆ ಮತ್ತೆ ಒದ್ದೆ. ಮೇಸ್ತ್ರಿಯ ಲೆವೆಲ್ ಪೈಪ್ ಕೇಳಿ ತಂದು ಸಿಕ್ಕಿಸಿದೆ. ನೀರು ತಾನಾಗಿ ಇಳಿಯಲಿ ಅಂತ ಮೆಷಿನ್‌ಗಳನ್ನು ಕೆಂಪು ಕಲ್ಲಿನ ಮೇಲೆ ಕೂರಿಸಿದೆ. ಈಗ ಇಬ್ಬನಿ ಕಟ್ಟುವ ಮಟ್ಟ 23 ಡಿಗ್ರಿ, ನೆಲ 26. ಪೇಂಟ್ ಹೊಡೆಯುವಾಗ ಇರಲೇಬೇಕು ಅನ್ನುವ ಆ ಮೂರು ಡಿಗ್ರಿ ಅಂತರ ಸಿಕ್ಕಿತು!

ಅಂದ ಹಾಗೆ, ಇನ್ನೊಂದು ಯೋಚನೆ ತಲೆ ತಿನ್ನುತ್ತಿದೆ. ನೆಲಕ್ಕೊಂದು, ಹೊರಗೊಂದು ಸೆನ್ಸರ್, ಅವನ್ನು ಓದಿ ಫ್ಯಾನ್ ನಡೆಸಲು ಒಂದು ಇಎಸ್‌ಪಿ32 ಅನ್ನುವ ಪುಟ್ಟ ಚಿಪ್. ಹೊರಗಿನ ಗಾಳಿ ನೆಲದ ಮೇಲೆ ಇಬ್ಬನಿ ಕಟ್ಟದಷ್ಟು ಒಣಗಿದ್ದಾಗ ಮಾತ್ರ ಎಕ್ಸಾಸ್ಟ್ ತಿರುಗಬೇಕು. ಡಿಸೆಂಬರ್‌ನಲ್ಲಿ ಡಿಹ್ಯುಮಿಡಿಫೈಯರ್ ಬದಲು ಫ್ಯಾನೇ ಸಾಕಾದರೆ ಕರೆಂಟ್ ಬಿಲ್ ಎಷ್ಟು ಉಳಿಯುತ್ತದೆ, ಅಲ್ವಾ?

ಜಾರಿಕೆಯನ್ನೂ ಅಳೆದೆ. ಸ್ಕೇಟ್ ಮೇಲೆ ಐದು ಕಿಲೋ ಅಕ್ಕಿ ಚೀಲ ಇಟ್ಟು, ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯಿಂದ ಅಡ್ಡಕ್ಕೆ ಎಳೆದೆ. ಒದ್ದೆ ಇದ್ದಾಗ 2.1 ಕಿಲೋಗೇ ಜಾರಿತ್ತು. ಇವತ್ತು ಜಾರಲು 4.8 ಬೇಕಾಯಿತು. ಗೇಟಿನ ಹತ್ತಿರದ ಮೂಲೆ ಮಾತ್ರ ಇನ್ನೂ 3.4. ಅಲ್ಲಿ ಶಟರ್ ಅಡಿ ಎರಡು ಬೆರಳಷ್ಟು ಸಂದಿ ಇದೆ. ಸಂಜೆ ಮಕ್ಕಳು ಬರುವ ಮೊದಲು ಹಳೇ ಟ್ಯೂಬ್ ಕತ್ತರಿಸಿ ಅದಕ್ಕೆ ಪಟ್ಟಿ ಹೊಡೆಯಬೇಕು.