ಕೆಳಗಿನಿಂದ ಕತ್ತರಿಸಿದ ಪ್ಯಾರಾ

ದೂರದ ಊರುಗಳಿಗೆ ಎಲ್ಲಕ್ಕಿಂತ ಮೊದಲು ಅಚ್ಚಾಗಿ ಹೊರಡುವ ಡಾಕ್ ಎಡಿಷನ್‌ನ ಆ ಮುಖಪುಟ ಇನ್ನೂ ನನ್ನ ಬಳಿ ಇದೆ. ಮನೆಯ ಬೀರುವಿನಲ್ಲಿ ಮದುವೆ ಆಲ್ಬಮ್ಮಿನ ಅಡಿ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದೇನೆ. ಐದು ಕಾಲಂ ಅಗಲದ ಶೀರ್ಷಿಕೆ, ‘ಯಾಸೆರ್ ಅರಾಫತ್ ನಿಧನ’. ಪತ್ರಿಕೆಯ ದಿನಾಂಕ 2004ರ ನವೆಂಬರ್ 5. ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ತೀರಿಕೊಂಡಿದ್ದು 11ಕ್ಕೆ. ಆ ಶೀರ್ಷಿಕೆ ಕೊಟ್ಟವನು ನಾನು.

ಆಗ ನಾನು ವಿದೇಶ ಪುಟ ನೋಡುತ್ತಿದ್ದ ಉಪಸಂಪಾದಕ. ನಾಲ್ಕು ಜನ ಕೂರಬೇಕಾದ ಡೆಸ್ಕ್‌ನಲ್ಲಿ ಇಬ್ಬರಿದ್ದೆವು. ಇಡೀ ಡೆಸ್ಕಿಗೆ ಪಿಟಿಐ ಸುದ್ದಿಸಂಸ್ಥೆಯ ಟರ್ಮಿನಲ್ ಒಂದೇ. ಅದರ ಮುಂದೆ ಕೂತು ಓದಿ, ಎದ್ದು ಬಂದು ಇನ್ನೊಂದು ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ಹೊಡೆಯಬೇಕು. ಅಷ್ಟರಲ್ಲಿ ಅತ್ತ ಸುದ್ದಿಯ ಇನ್ನೂ ಮೂರು ಕಂತು, ನಮ್ಮ ಭಾಷೆಯಲ್ಲಿ ಟೇಕ್, ಬಂದು ಬಿದ್ದಿರುತ್ತಿದ್ದವು. ಇನ್ನೊಂದು ಟರ್ಮಿನಲ್ ಕೊಡಿ ಎಂದು ಎರಡು ವರ್ಷ ಕೇಳಿದ್ದೆವು. ಟರ್ಮಿನಲ್ ಬರಲಿಲ್ಲ. ಬಂದಿದ್ದು ಸರ್ಕ್ಯುಲೇಷನ್ ವಿಭಾಗದ ಒತ್ತಾಯಕ್ಕೆ ಡಾಕ್ ಗಡುವನ್ನು ಮುಕ್ಕಾಲು ಗಂಟೆ ಹಿಂದಕ್ಕೆ ಎಳೆದ ಸುತ್ತೋಲೆ.

ಅಕ್ಟೋಬರ್ 29ಕ್ಕೆ ಅರಾಫತ್ ಅವರನ್ನು ರಮಲ್ಲಾದಿಂದ ಪ್ಯಾರಿಸ್‌ಗೆ ಒಯ್ದಿದ್ದರು. ಎರಡೂವರೆ ವರ್ಷಕ್ಕೂ ಹೆಚ್ಚು ಕಾಲ ಇಸ್ರೇಲಿ ಸೇನೆ ಅವರನ್ನು ಹೆಚ್ಚುಕಡಿಮೆ ಕೂಡಿಹಾಕಿದ್ದ, ಅರ್ಧ ಕುಸಿದುಬಿದ್ದ ಅವರ ಕಚೇರಿ ಮುಖಾತಾ ಕಟ್ಟಡದಿಂದ ಅವರು ಹೊರಬಂದ ಫೋಟೊ ನಿಮಗೆ ನೆನಪಿರಬಹುದು. ಸದಾ ಕಫೀಯಾ ವಸ್ತ್ರ ಸುತ್ತಿರುತ್ತಿದ್ದ ತಲೆಗೆ ಅವತ್ತು ಬೆಚ್ಚನೆಯ ಟೋಪಿ. ಆ ಫೋಟೊ ನೋಡಿದ ಸಂಜೆಯೇ ನಾನು ನಿಧನವಾರ್ತೆ ಬರೆದು ಬ್ಯಾಂಕಿನಲ್ಲಿಟ್ಟೆ, ಅಂದರೆ ಮುಂದೆ ಬೇಕಾಗುವ ಬರಹಗಳನ್ನು ಕೂಡಿಡುವ ಕಡತದಲ್ಲಿ. ದಿನಾಂಕ ಮತ್ತು ಊರಿನ ಜಾಗ ಮಾತ್ರ ಖಾಲಿ. ಕಾಪಿ ತಯಾರಿದ್ದಾಗ ಕೈ ತುರಿಸುತ್ತದೆ. ಇದು ಡೆಸ್ಕಿನಲ್ಲಿ ಕೂತವರಿಗೆಲ್ಲ ಗೊತ್ತು.

ನವೆಂಬರ್ 4, ಗುರುವಾರ. ಇಸ್ರೇಲ್ ಪ್ರಧಾನಿಯಾಗಿದ್ದ ಇತ್ಝಾಕ್ ರಾಬಿನ್ ಹತ್ಯೆಯಾಗಿ ಸರಿಯಾಗಿ ಒಂಬತ್ತು ವರ್ಷ. ಅದಕ್ಕೊಂದು ಸಿಂಗಲ್ ಕಾಲಂ ಮಾಡುತ್ತಿದ್ದೆ. ರಾತ್ರಿ ಹತ್ತರ ಆಸುಪಾಸಿನಲ್ಲಿ ಫ್ಲ್ಯಾಷ್ ಬಂತು: ಅರಾಫತ್ ತೀರಿಕೊಂಡರೆಂದು ಬ್ರಸೆಲ್ಸ್‌ನಲ್ಲಿ ಲಕ್ಸೆಂಬರ್ಗ್ ಪ್ರಧಾನಿ ಯುಂಕರ್ ಹೇಳಿದ್ದಾರೆ. ಅದೇ ಹೊತ್ತಿಗೆ ಟಿವಿಯಲ್ಲಿ, ಮರುಆಯ್ಕೆಯಾದ ಮೇಲಿನ ಮೊದಲ ಪತ್ರಿಕಾಗೋಷ್ಠಿಯಲ್ಲಿ ಬುಷ್ ನಿಂತಿದ್ದರು. ಅರಾಫತ್ ಬಗ್ಗೆ ಪ್ರಶ್ನೆ ಬಂದಾಗ, ದೇವರು ಅವರ ಆತ್ಮಕ್ಕೆ ಒಳ್ಳೆಯದು ಮಾಡಲಿ ಎಂಬರ್ಥದ ಮಾತಾಡಿದರು.

ನಾನು ಎದ್ದು ನಿಂತೆ. ಚೀಫ್ ಸಬ್ ಕನ್ನಡಕ ಹಣೆಗೇರಿಸಿ ಕೇಳಿದ್ದು ಒಂದೇ ಮಾತು, ‘ಆಸ್ಪತ್ರೆಯವರು ಏನಂತಾರಪ್ಪಾ?’

‘ಸರ್, ಒಬ್ಬ ಪ್ರಧಾನಿ ಹೇಳಿದ್ದಾರೆ. ಅಮೆರಿಕದ ಅಧ್ಯಕ್ಷರೇ ಹೇಳಿದ್ದಾರೆ. ಇನ್ನು ಆಸ್ಪತ್ರೆಯವರು ಹೇಳುವುದೇನು ಉಳಿದಿದೆ?’

ನನಗೆ ಅದು ಎರಡು ಮೂಲ. ಎರಡು ಮೂಲ ಸಿಕ್ಕರೆ ಹಾಕಬಹುದು ಎಂಬುದು ನಾನು ಕಲಿತ ಪಾಠ. ಬುಷ್ ತಾವಾಗಿ ಏನನ್ನೂ ಹೇಳಿರಲಿಲ್ಲ, ಹೀಗೊಂದು ಸುದ್ದಿಯಿದೆ ಎಂದ ಪತ್ರಕರ್ತರಿಗೆ ಉತ್ತರ ಕೊಟ್ಟಿದ್ದರು ಅಷ್ಟೆ. ಯುಂಕರ್ ಕೂಡ ಎಲ್ಲೋ ಕೇಳಿದ್ದನ್ನೇ ಹೇಳಿದ್ದರು. ಇಬ್ಬರೂ ಅರಾಫತ್ ಇದ್ದ, ಪ್ಯಾರಿಸ್ ಪಕ್ಕದ ಕ್ಲಾಮಾರ್‌ನ ಪೆರ್ಸಿ ಸೇನಾ ಆಸ್ಪತ್ರೆಯ ಬಾಗಿಲವರೆಗೂ ಹೋದವರಲ್ಲ. ಒಂದೇ ಗಾಳಿಮಾತು ಎರಡು ದೊಡ್ಡ ಬಾಯಿಗಳಿಂದ ಬಂದಿತ್ತು. ಅದನ್ನು ಎಣಿಸಿ ಎರಡು ಎಂದವನು ನಾನು. ಆ ಕುರ್ಚಿಯಲ್ಲಿ ಕೂತು ಅಷ್ಟು ಯೋಚಿಸಲು ಐದು ನಿಮಿಷ ಸಾಕಿತ್ತು. ನಾನು ಐದು ನಿಮಿಷ ಯೋಚಿಸಲಿಲ್ಲ.

ನ್ಯೂಸ್ ಎಡಿಟರ್ ಚೀಫ್ ಸಬ್ ಮುಖ ನೋಡಿದರು, ಗಡಿಯಾರ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪ್ರೆಸ್ಸಿನಿಂದ ಎರಡನೇ ಸಲ ಫೋನು ಬಂತು. ‘ಬಿಡಿ’ ಅಂದರು. ಬ್ಯಾಂಕಿನಲ್ಲಿದ್ದ ಕಾಪಿಗೆ ಖಾಲಿ ಜಾಗ ತುಂಬಿ, ಲೀಡ್ ಕೆಳಗಿಳಿಸಿ, ಪುಟ ಬಿಟ್ಟೆವು. ಪ್ಲೇಟ್ ಇಳಿಯಿತು.

ಆಮೇಲೆ ಟರ್ಮಿನಲ್ ಮುಂದೆ ಹೋಗಿ ಕೂತಾಗ ನನಗೆ ಖುಷಿಯಾಗಿತ್ತು. ಈ ಮಾತು ಬರೆಯಲು ಇಷ್ಟವಿಲ್ಲ, ಆದರೆ ನಿಜ. ಡಾಕ್‌ನಲ್ಲಿ ಬೇರೆ ಯಾರಿಗೂ ಇದು ಸಿಕ್ಕಿರುವುದಿಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಆಗಲೇ ಪರದೆಯ ಮೇಲೆ ಮುಂದಿನ ಸಾಲು ಬಂತು. ಅರಾಫತ್ ಸತ್ತಿಲ್ಲ ಎಂದು ಆಸ್ಪತ್ರೆಯ ವಕ್ತಾರರು ಹೇಳಿದ್ದಾರೆ.

ಇಂಟರ್‌ಕಾಮ್ ಎತ್ತಿದರೆ ಪ್ರೆಸ್ಸಿನಲ್ಲಿ ಯಾರೂ ತೆಗೆಯಲಿಲ್ಲ. ಯಂತ್ರದ ಸದ್ದಿನಲ್ಲಿ ಅವರಿಗೆ ಕೇಳಿಸದು. ಮೆಟ್ಟಿಲಿಳಿದು ಓಡಿದೆ. ಮೂರು ಮಹಡಿ. ಯಂತ್ರ ನಿಲ್ಲಿಸುವ ಹೊತ್ತಿಗೆ ಎರಡು ಟ್ಯಾಕ್ಸಿ ಗೇಟು ದಾಟಿದ್ದವು. ಫೋರ್‌ಮನ್ ಬೆಚ್ಚಗಿನ ಒಂದು ಪ್ರತಿ ನನ್ನ ಕೈಗಿಟ್ಟು, ‘ಏನ್ ಸಾರ್, ಬದುಕಿದಾರಾ?’ ಎಂದು ಕೇಳಿದರು. ಬೀರುವಿನಲ್ಲಿರುವುದು ಅದೇ ಪ್ರತಿ.

ಮರುದಿನದ ಬೈಗುಳ, ತಪ್ಪೊಪ್ಪಿಗೆ, ಮೆಮೊ ಇವುಗಳ ಬಗ್ಗೆ ಹೇಳುವುದೇನಿಲ್ಲ. ಅವತ್ತಿನಿಂದ ಸಾವಿನ ಸುದ್ದಿ ಬಂದರೆ ನನ್ನ ಡೆಸ್ಕಿನಲ್ಲಿ ಒಂದೇ ಪ್ರಶ್ನೆ: ಹೇಳುತ್ತಿರುವವರು ಹಾಸಿಗೆ ಪಕ್ಕದಲ್ಲಿದ್ದವರೋ, ಅಲ್ಲವೋ? ಅಲ್ಲವಾದರೆ ಅವರು ಯಾವ ದೇಶದ ಅಧ್ಯಕ್ಷರಾದರೂ ಸರಿ, ಕಾಯುತ್ತೇವೆ. ಡಾಕ್ ಹೋದರೆ ಹೋಗಲಿ.

ನನಗೆ ಇಂದಿಗೂ ಚುಚ್ಚುವುದು ಮಾತ್ರ ಆ ಶೀರ್ಷಿಕೆಯಲ್ಲ. ಅದರ ಕೆಳಗೆ ನಾನು ಬರೆದಿದ್ದ ಕಾಪಿ.

ನಮ್ಮ ಪುಟ ಕಟ್ಟುತ್ತಿದ್ದ ಪೇಜಿನೇಟರ್ ಕುಂದಾಪುರದ ಕಡೆಯವರು. ಹೆಚ್ಚು ಮಾತಿಲ್ಲ. ಎಲ್ಲರ ಬೈಗುಳವೂ ಮುಗಿದ ಮೇಲೆ ಚಹಾ ಹೊತ್ತಿನಲ್ಲಿ ಹತ್ತಿರ ಬಂದು, ‘ನಿಮ್ಮ ಕಾಪಿ ಪುಟಕ್ಕೆ ಹಾಕುವಾಗ ಪೂರ್ತಿ ಓದಿದೆ ಮಾರಾಯ್ರೆ. ಕುವೈತ್ ಎಲ್ಲಿ?’ ಅಂದರು.

ಕುವೈತ್ ಇತ್ತು. ಅರಾಫತ್ ಅಲ್ಲಿ ಎಂಜಿನಿಯರ್ ಆಗಿದ್ದರು, ಐವತ್ತರ ದಶಕದ ಕೊನೆಯಲ್ಲಿ ಅವರ ಫತಾ ಸಂಘಟನೆ ಅಲ್ಲೇ ಹುಟ್ಟಿತು ಎಂದು ಬರೆದಿದ್ದೆ. ತೋರಿಸಿದೆ. ‘ಅದಲ್ಲ, ತೊಂಬತ್ತರದ್ದು’ ಅಂದರು.

ಅವರ ಅಪ್ಪಯ್ಯ ಕುವೈತಿನ ಒಂದು ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ದುಡಿದವರು. 1990ರ ಆಗಸ್ಟ್ 2ಕ್ಕೆ ಇರಾಕಿನ ಸದ್ದಾಂ ಸೇನೆ ನುಗ್ಗಿದಾಗ ಬಾಗ್ದಾದ್ ಮಾರ್ಗವಾಗಿ ಬಸ್ಸಿನಲ್ಲಿ ಜೋರ್ಡಾನ್‌ನ ಅಮ್ಮಾನ್ ಮುಟ್ಟಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಬಂದಿಳಿದಿದ್ದರು. ಆ ತಿಂಗಳುಗಳಲ್ಲಿ ಹಾಗೆ ಬಂದ ಭಾರತೀಯರು ಒಂದೂಮುಕ್ಕಾಲು ಲಕ್ಷದಷ್ಟು. ಕರಾವಳಿಯಲ್ಲಿ ಈ ಕಥೆಯಿಲ್ಲದ ಊರು ಸಿಗುವುದು ಕಷ್ಟ. ಅಪ್ಪಯ್ಯನ ಪಕ್ಕದ ಕೋಣೆಯಲ್ಲಿ ಒಬ್ಬ ಪ್ಯಾಲೆಸ್ಟೀನಿ ಮೇಷ್ಟ್ರು ಇದ್ದರಂತೆ. ಹೊರಡುವ ದಿನ ಅವರು ಒಂದು ಡಬ್ಬಿ ಖರ್ಜೂರ ಕಟ್ಟಿಕೊಟ್ಟು, ‘ನಿನಗೆ ಹೋಗಲು ಊರಿದೆ’ ಅಂದಿದ್ದರಂತೆ.

‘ಅರಾಫತ್ ಸದ್ದಾಮನನ್ನು ತಬ್ಬಿಕೊಂಡ ಫೋಟೊ ಬಂದ ಮೇಲೆ ಅಂಥವರನ್ನೆಲ್ಲ ಓಡಿಸಿದರಲ್ಲ, ಅದನ್ನು ಬರೆಯದೆ ಅವರ ಕಥೆ ಹೇಗೆ ಮುಗೀತದೆ?’

ನನ್ನ ಬಳಿ ಉತ್ತರವಿರಲಿಲ್ಲ. ನಾನು ಬರೆದಿದ್ದು ನಮ್ಮ ಲೈಬ್ರರಿ ಕಡತದಲ್ಲಿದ್ದ ಅರಾಫತ್ ಅವರನ್ನು. ಆ ಕಡತದ ತುಂಬ ದೆಹಲಿಯ ಅರಾಫತ್. ಇಂದಿರಾ ಗಾಂಧಿ ಅವರನ್ನು ಅಕ್ಕ ಎನ್ನುತ್ತಿದ್ದವರು, 1984ರಲ್ಲಿ ಅವರ ಅಂತ್ಯಕ್ರಿಯೆಗೆ ಬಂದು ಅತ್ತವರು. ಅರಬ್ ದೇಶಗಳ ಹೊರಗೆ ಅವರ ಪಿಎಲ್‌ಒಗೆ (ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆ) ಮೊದಲು ಮಾನ್ಯತೆ ಕೊಟ್ಟಿದ್ದು ಭಾರತ. 1988ರ ಸಾಲಿನ ನೆಹರೂ ಪ್ರಶಸ್ತಿಯನ್ನೂ ಕೊಟ್ಟೆವು. ಇವೆಲ್ಲ ನಿಜ. ನನ್ನ ಕಾಪಿಯಲ್ಲಿ ಇವೆಲ್ಲ ವಿಶೇಷಣಗಳಾಗಿ ಕೂತಿದ್ದವು: ಧೀಮಂತ, ಮಹಾನ್, ಅಪ್ರತಿಮ. ಹುಟ್ಟಿದ್ದು ಜೆರುಸಲೇಂನಲ್ಲಿ ಎಂದೂ ಬರೆದಿದ್ದೆ. ಅವರು ಹೇಳಿಕೊಳ್ಳುತ್ತಿದ್ದುದು ಹಾಗೆ. ದಾಖಲೆಯಲ್ಲಿರುವುದು 1929, ಕೈರೊ.

ಮತ್ತೆ ಬರೆಯಲು ಕೂತೆ. ಡೆಸ್ಕಿನಲ್ಲಿ ನಿಜವಾದ ಜಗಳ ಶುರುವಾಗಿದ್ದು ಆಗ. ನ್ಯೂಸ್ ಎಡಿಟರ್‌ಗೆ ಶೀರ್ಷಿಕೆಯಲ್ಲಿ ‘ಪ್ಯಾಲೆಸ್ಟೈನ್ ಪಿತಾಮಹ’ ಬೇಕು. ಕ್ರೀಡಾ ಪುಟದ ಹುಡುಗ, ‘ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸತ್ತ ಹನ್ನೊಂದು ಇಸ್ರೇಲಿಗಳನ್ನು ಎಲ್ಲಿ ಹಾಕ್ತೀರಿ?’ ಎಂದ. 1972ರ ಆ ದಾಳಿ ನಡೆಸಿದ್ದು ಫತಾ ಒಳಗಿಂದಲೇ ಹುಟ್ಟಿದ ಬ್ಲ್ಯಾಕ್ ಸೆಪ್ಟೆಂಬರ್ ಎಂಬ ಗುಂಪು. ಅರಾಫತ್ ಅವರಿಗೆ ಎಷ್ಟು ಗೊತ್ತಿತ್ತು ಎಂಬ ವಾದ ಮುಗಿದಿಲ್ಲ. ಎರಡು ವರ್ಷದ ನಂತರ ಅದೇ ಮನುಷ್ಯ ವಿಶ್ವಸಂಸ್ಥೆಯಲ್ಲಿ ನಿಂತು, ಆಲಿವ್ ಕೊಂಬೆಯನ್ನೂ ಹೋರಾಟಗಾರನ ಬಂದೂಕನ್ನೂ ಹಿಡಿದು ಬಂದಿದ್ದೇನೆ, ಕೊಂಬೆ ನನ್ನ ಕೈಯಿಂದ ಬೀಳದಂತೆ ನೋಡಿಕೊಳ್ಳಿ ಎಂದರು. ನಿರಾಶ್ರಿತರ ಪಡಿತರ ಪ್ರಶ್ನೆಯಾಗಿ ಉಳಿದಿದ್ದ ಒಂದು ಜನಾಂಗ ಜಗತ್ತಿನ ಕಣ್ಣಿಗೆ ರಾಷ್ಟ್ರವಾಗಿ ಕಂಡಿದ್ದರಲ್ಲಿ ಅವರ ಪಾಲು ಎಲ್ಲರಿಗಿಂತ ದೊಡ್ಡದು. ಅದನ್ನು ಕಡಿಮೆ ಮಾಡಲು ನನಗೆ ಆಗಲೂ ಮನಸ್ಸಿರಲಿಲ್ಲ, ಈಗಲೂ ಇಲ್ಲ.

ಆ ವಾರ ಓದುತ್ತ ಹೋದಂತೆ ನನಗೆ ಬೇರೆಯೇ ಒಂದು ವಿಷಯ ಕಾಣಿಸಿತು. ಅರಾಫತ್ ಬಗ್ಗೆ ಅತ್ಯಂತ ಕಠಿಣ ಮಾತು ಬಂದಿದ್ದು ಇಸ್ರೇಲಿನಿಂದಲ್ಲ, ಅವರ ಮಗ್ಗುಲಿನಿಂದಲೇ. 1988ರಲ್ಲಿ ಅಲ್ಜೀರ್ಸ್‌ನಲ್ಲಿ ಅರಾಫತ್ ಓದಿದ ಸ್ವಾತಂತ್ರ್ಯ ಘೋಷಣೆಯನ್ನು ಬರೆದವರು ಕವಿ ಮಹಮೂದ್ ದರ್ವೀಶ್. 1993ರಲ್ಲಿ ಅರಾಫತ್ ಇಸ್ರೇಲ್ ಜೊತೆಗಿನ ಓಸ್ಲೊ ಒಪ್ಪಂದಕ್ಕೆ ಹೊರಟಾಗ ಅದೇ ದರ್ವೀಶ್ ಪಿಎಲ್‌ಒ ಕಾರ್ಯಕಾರಿ ಸಮಿತಿಗೆ ರಾಜೀನಾಮೆ ಕೊಟ್ಟರು. ಪ್ಯಾಲೆಸ್ಟೀನಿ ಮೂಲದ ಚಿಂತಕ ಎಡ್ವರ್ಡ್ ಸೈದ್ ಆ ಒಪ್ಪಂದವನ್ನು ಶರಣಾಗತಿ ಎಂದೇ ಕರೆದರು. ರಾಬಿನ್ ಕೈಕುಲುಕಿದ ಆ ಫೋಟೊವನ್ನು ಜಗತ್ತು ಸಂಭ್ರಮಿಸುತ್ತಿದ್ದಾಗ, ಇಸ್ರೇಲಿ ವಸಾಹತುಗಳನ್ನು ನಿಲ್ಲಿಸುವ ಒಂದು ಸಾಲೂ ಒಪ್ಪಂದದಲ್ಲಿಲ್ಲವಲ್ಲ ಎಂದು ಕೇಳಿದವರೂ ಪ್ಯಾಲೆಸ್ಟೀನಿಯರೇ. ಮರುವರ್ಷ ನೊಬೆಲ್ ಬಂದಾಗ ಪ್ರಶಸ್ತಿ ಸಮಿತಿಯ ಒಬ್ಬ ಸದಸ್ಯರು ಅರಾಫತ್ ಹೆಸರನ್ನು ವಿರೋಧಿಸಿ ಹೊರನಡೆದರು. ಇನ್ನು ದುಡ್ಡಿನ ಮಾತು. 2003ರ ಐಎಂಎಫ್ ವರದಿ ಪ್ರಕಾರ, 1995ರಿಂದ 2000ದ ನಡುವೆ ಅರಾಫತ್ ಆಡಳಿತದ ಪ್ಯಾಲೆಸ್ಟೀನಿ ಪ್ರಾಧಿಕಾರದ ಸುಮಾರು 90 ಕೋಟಿ ಡಾಲರ್ ಅಧಿಕೃತ ಬಜೆಟ್ಟಿಗೆ ಬಾರದೆ ಅರಾಫತ್ ಹಿಡಿತದ ಖಾತೆಗೆ ಹೋಗಿತ್ತು.

ವಿಶೇಷಣಗಳನ್ನೆಲ್ಲ ಕಿತ್ತೆ. ಏನು ಮಾಡಿದರು, ಯಾವಾಗ, ಯಾರಿಗೆ ಏನಾಯಿತು, ಅಷ್ಟೇ. ನ್ಯೂಸ್ ಎಡಿಟರ್ ‘ಒಣಗಿದೆಯಲ್ಲಯ್ಯ’ ಅಂದರೂ ಒಪ್ಪಿದರು. ಕುವೈತ್ ಪ್ಯಾರಾ ಬರೆದೆ. ಕಾಲಾನುಕ್ರಮದಲ್ಲಿ ಅದು ಓಸ್ಲೊಗಿಂತ ಮುಂಚೆ ಬರಬೇಕು. ಆದರೆ ಅಷ್ಟು ಹೊತ್ತಿಗೆ ಪುಟದಲ್ಲಿ ಕಾಪಿ ಹರಿದುಹೋಗಿತ್ತು. ನಡುವೆ ತೂರಿಸಿದರೆ ಫೋಟೊ, ಬ್ಲರ್ಬ್ ಎಲ್ಲ ಮತ್ತೆ ಹೊಂದಿಸಬೇಕು. ಕೊನೆಗೆ ಸೇರಿಸಿಬಿಟ್ಟೆ. ಎರಡನೇ ತಪ್ಪು ಅದು, ಮೊದಲನೆಯದಕ್ಕಿಂತ ದೊಡ್ಡದು.

11ರ ಬೆಳಿಗ್ಗೆ, ನಮ್ಮ ಹೊತ್ತಿನ ಪ್ರಕಾರ ಎಂಟರ ಸುಮಾರಿಗೆ, ಅರಾಫತ್ ನಿಜಕ್ಕೂ ತೀರಿಕೊಂಡರು. ಈ ಸಲ ಹೇಳಿದ್ದು ಆಸ್ಪತ್ರೆಯವರೇ. ಇಡೀ ದಿನ ಕೈಯಲ್ಲಿತ್ತು. ಲೀಡ್ ನಮ್ಮದು, ಒಳಗೆ ಅರ್ಧ ಪುಟ ನಮ್ಮದು. ಹೆಂಡತಿ ಹಬ್ಬಕ್ಕೆ ಬೇಗ ಬನ್ನಿ ಎಂದಿದ್ದಳು. ಸಂಜೆ ಎಂಟಕ್ಕೆ ಎಲ್ಲ ಪುಟ ನೋಡಿ, ರಾತ್ರಿ ಪಾಳಿಯವರಿಗೆ ಒಪ್ಪಿಸಿ, ಮನೆಗೆ ಹೋದೆ.

ಆ ರಾತ್ರಿ ಕೊಲೆ ಪ್ರಕರಣವೊಂದರಲ್ಲಿ ಕಂಚಿ ಮಠದ ಸ್ವಾಮೀಜಿ ಜಯೇಂದ್ರ ಸರಸ್ವತಿ ಅವರ ಬಂಧನದ ಸುದ್ದಿ ಸ್ಫೋಟವಾಯಿತು. ಆಮೇಲೆ 2013ರಲ್ಲಿ ಅವರು ಖುಲಾಸೆಯಾದರು, ಅದು ಬೇರೆ ಮಾತು. ಅವತ್ತು ರಾತ್ರಿ ಅದಕ್ಕಿಂತ ದೊಡ್ಡ ಸುದ್ದಿ ದೇಶದ ಯಾವ ಡೆಸ್ಕಿನಲ್ಲೂ ಇರಲಿಲ್ಲ. ಮುಖಪುಟ ಒಡೆದರು, ಒಳಪುಟವನ್ನೂ ಒಡೆದರು. ಅರ್ಧ ಪುಟದ ಅರಾಫತ್ ಮೂರು ಕಾಲಂ ಆದರು. ರಾತ್ರಿ ಪಾಳಿಯವರು ಎಲ್ಲ ಡೆಸ್ಕಿನವರೂ ಮಾಡುವುದನ್ನೇ ಮಾಡಿದರು. ಕಾಪಿಯನ್ನು ಕೆಳಗಿನಿಂದ ಕತ್ತರಿಸಿದರು.

ಬೆಳಿಗ್ಗೆ ಪೇಪರ್ ಬಿಚ್ಚಿದೆ. ಇಂದಿರಾ ಗಾಂಧಿ ಇದ್ದರು, ನೆಹರೂ ಪ್ರಶಸ್ತಿ ಇತ್ತು, ಆಲಿವ್ ಕೊಂಬೆ ಇತ್ತು. ಕುವೈತ್ ಇರಲಿಲ್ಲ. ರಾತ್ರಿ ಪಾಳಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಿಟ್ಟರೂ ನಡೆಯುತ್ತದೆ ಎನ್ನುವ ಜಾಗದಲ್ಲಿ ಅದನ್ನು ಇಟ್ಟವನೇ ನಾನು. ಪೇಜಿನೇಟರ್ ಏನೂ ಅನ್ನಲಿಲ್ಲ. ಊರಿನ ಅಂಗಡಿಗೆ ಹೋಗಿ ಪೇಪರ್ ಕೊಂಡು ಓದಿ ಎಂದು ಅಪ್ಪಯ್ಯನಿಗೆ ಹಿಂದಿನ ರಾತ್ರಿಯೇ ಫೋನು ಮಾಡಿದ್ದರೆಂದು ನನಗೆ ಗೊತ್ತಾಗಿದ್ದು ತಿಂಗಳ ನಂತರ.

ಡಿಸೆಂಬರ್ ಎರಡನೇ ವಾರದಲ್ಲಿ ಒಂದು ಸಣ್ಣ ಟೇಕ್ ಬಂತು. ಅರಾಫತ್ ನಂತರ ಪಿಎಲ್‌ಒ ಮುಖ್ಯಸ್ಥರಾದ ಮಹಮೂದ್ ಅಬ್ಬಾಸ್ ಕುವೈತ್‌ಗೆ ಹೋಗಿ 1990ರ ನಿಲುವಿಗಾಗಿ ಕ್ಷಮೆ ಕೇಳಿದ್ದರು. ಬ್ಯಾಂಕಿನಿಂದ ಆ ಪ್ಯಾರಾ ಹೊರತೆಗೆದು ಸುದ್ದಿಯ ಎರಡನೇ ಪ್ಯಾರಾ ಮಾಡಿ ಹಾಕಿದೆ:

‘ಕುವೈತ್‌ನಲ್ಲಿ ಆಗ ಸುಮಾರು ನಾಲ್ಕು ಲಕ್ಷ ಪ್ಯಾಲೆಸ್ಟೀನಿಯರಿದ್ದರು. ಶಾಲೆ, ಆಸ್ಪತ್ರೆ, ಕಚೇರಿಗಳನ್ನು ನಡೆಸುತ್ತಿದ್ದವರಲ್ಲಿ ಅವರು ಬಹಳ. ಅವರ ಸಂಬಳದ ಶೇ 5ರಷ್ಟು ಪಿಎಲ್‌ಒ ನಿಧಿಗೆ ಹೋಗುತ್ತಿತ್ತು. ಸದ್ದಾಂ ಆಕ್ರಮಣವನ್ನು ಖಂಡಿಸಿದ ಅರಬ್ ಲೀಗ್ ನಿರ್ಣಯಕ್ಕೆ ಅರಾಫತ್ ಬೆಂಬಲ ಕೊಡಲಿಲ್ಲ. 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೆ ಅವರಲ್ಲಿ ಬಹುತೇಕರಿಗೆ ಅಲ್ಲಿ ಜಾಗವಿಲ್ಲದಾಯಿತು.’

ಮೂರು ದಿನ ಬಿಟ್ಟು ಡೆಸ್ಕಿಗೆ ಕುಂದಾಪುರದಿಂದ ಎಸ್‌ಟಿಡಿ ಕರೆ ಬಂತು. ಅಪ್ಪಯ್ಯ. ಮಗನನ್ನು ಕೇಳಲಿಲ್ಲ, ಇದನ್ನು ಬರೆದವರು ಬೇಕು ಎಂದರಂತೆ. ಓದಿದೆ, ಸರಿಯಾಗಿ ಬರೆದಿದ್ದೀರಿ ಅಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ‘ನಾಲ್ಕು ಲಕ್ಷ ಅಂತ ಹಾಕಿದ್ರಿ. ಅವರೆಲ್ಲ ಎಲ್ಲಿಗೆ ಹೋದ್ರು ಅಂತ ನಿಮ್ಮ ಕಡತದಲ್ಲಿ ಇದೆಯಾ? ನಮ್ಮ ಮೇಷ್ಟ್ರು ಎಲ್ಲಿದ್ದಾರೆ ಅಂತ ಎಲ್ಲಾದ್ರೂ ಕೇಳಿ ನೋಡಕ್ಕೆ ಆಗ್ತದಾ?’