ರ‍್ಯಾಂಕ್ ಎಷ್ಟೈತ್ರಿ ಅಂತ ಕೇಳುವವರಿಗೆ

ಹೊರದೇಶಕ್ಕೆ ಎಲ್‌ಎಲ್‌ಎಂ (ಅಂದರೆ ಕಾನೂನಿನ ಮಾಸ್ಟರ್ ಡಿಗ್ರಿ) ಮಾಡಲು ಹೊರಟ ಹುಡುಗ ಹುಡುಗಿಯರು ಪ್ರತಿವರ್ಷ ನನ್ನ ಆಫೀಸಿಗೆ ಬರುತ್ತಾರೆ. ಕೆಲವರು ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಿಂದ, ಕೆಲವರು ಗದಗ, ಹಾವೇರಿಯಿಂದ. ನಾನು ಇಂಗ್ಲೆಂಡಿನಲ್ಲಿ ಓದಿ ಬಂದು ಧಾರವಾಡ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತಿದ್ದೇನೆ, ಅದಕ್ಕೆ. ಕೂತ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ. "ಅಕ್ಕಾರ, ಈ ಯೂನಿವರ್ಸಿಟಿ ರ‍್ಯಾಂಕ್ ಎಷ್ಟೈತ್ರಿ? ಐವತ್ತರ ಒಳಗ ಇರಲಿಲ್ಲಂದ್ರ ಹೋಗೂದು ಬ್ಯಾಡೇನ್ರಿ?"

ರ‍್ಯಾಂಕ್ ನೋಡಿ, ಬೇಡ ಅನ್ನಲ್ಲ. ಆದರೆ ಅದು ಯಾವುದರ ರ‍್ಯಾಂಕ್, ಮುಂದೆ ಅದನ್ನು ನಿಮ್ಮ ಹತ್ತಿರ ಯಾರು ಕೇಳುತ್ತಾರೆ, ಇವೆರಡನ್ನೂ ಮೊದಲು ತಿಳಿದುಕೊಳ್ಳಿ.

ಅಮೆರಿಕದ ಲಾ ಸ್ಕೂಲ್ ಅಂದ ತಕ್ಷಣ ಎಲ್ಲರೂ ಅಲ್ಲಿನ ಯುಎಸ್ ನ್ಯೂಸ್ ಸಂಸ್ಥೆಯ ರ‍್ಯಾಂಕ್ ಪಟ್ಟಿ ತೆಗೆಯುತ್ತಾರೆ. ಆ ಪಟ್ಟಿ ಇರುವುದು ಜೆಡಿಗೆ, ಅಂದರೆ ಅಲ್ಲಿನವರು ಮಾಡುವ ಮೂರು ವರ್ಷದ ಲಾ ಡಿಗ್ರಿಗೆ. ಜೆಡಿ ಮುಗಿಸಿದವರಲ್ಲಿ ಎಷ್ಟು ಜನ ವಕೀಲರಾಗಲು ಬೇಕಾದ ಬಾರ್ ಪರೀಕ್ಷೆ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಸೇರುವಾಗ ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್ ಅಂಕ ಎಷ್ಟಿತ್ತು, ಇಂಥವನ್ನೆಲ್ಲ ಲೆಕ್ಕ ಹಾಕುತ್ತಾರೆ. ನಮ್ಮ ಊರಿಂದ ಒಂದು ವರ್ಷದ ಎಲ್‌ಎಲ್‌ಎಂಗೆ ಹೋದವಳಿಗೆ ಏನು ಸಿಕ್ಕಿತು ಅನ್ನೋದು ಆ ಲೆಕ್ಕದಲ್ಲಿ ಬರುವುದೇ ಇಲ್ಲ. 2022ರ ನವೆಂಬರಿನಲ್ಲಿ ಯೇಲ್ ಮತ್ತು ಹಾರ್ವರ್ಡ್ ಲಾ ಸ್ಕೂಲ್‌ಗಳೇ ಇದರಿಂದ ಹೊರಬರುತ್ತೇವೆ ಅಂದವು. ಪಟ್ಟಿ ಮಾತ್ರ ನಿಲ್ಲಲಿಲ್ಲ. ಇನ್ನು ಬ್ರಿಟನ್ನಿನ ರ‍್ಯಾಂಕಿಂಗ್ ಸಂಸ್ಥೆ ಕ್ಯೂಎಸ್‌ನ ಕಾನೂನು ಪಟ್ಟಿಯಲ್ಲಿ ಜಾಸ್ತಿ ತೂಕ ಇರುವುದು ಪ್ರೊಫೆಸರ್‌ಗಳ ಮತ್ತು ಕೆಲಸ ಕೊಡುವವರ ಅಭಿಪ್ರಾಯಕ್ಕೆ. ಅದು ಹೆಸರಿನ ಅಳತೆ. ಕ್ಲಾಸಿನೊಳಗೆ ಏನು ನಡೆಯುತ್ತದೆ ಅನ್ನೋದು ಅದರಲ್ಲಿ ಕಾಣುವುದಿಲ್ಲ.

ಹೋದ ವರ್ಷ ಬ್ಯಾಡಗಿ ಕಡೆಯ ಒಬ್ಬ ಹುಡುಗಿ ಅಪ್ಪನ ಜೊತೆ ಬಂದಿದ್ದಳು. ಅವರದು ಮೆಣಸಿನಕಾಯಿ ಬೆಳೆಯುವ ಮನೆ. ಎರಡು ಪಟ್ಟಿಗಳಲ್ಲಿ ಒಂದೇ ಯೂನಿವರ್ಸಿಟಿ ಬೇರೆ ಬೇರೆ ಜಾಗದಲ್ಲಿ ಯಾಕಿದೆ ಅಂತ ನಾನು ವಿವರಿಸುತ್ತಿದ್ದೆ. ಅಪ್ಪ ನಡುವೆ ಕೇಳಿದರು, "ಮೇಡಮ್ಮಾರ, ಇವರು ನೋಡಿದ್ದು ಖಾರಾನೋ, ಬಣ್ಣಾನೋ?" ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಬಣ್ಣ ತೆಗೆಯುವ ಫ್ಯಾಕ್ಟರಿಯವರಿಗೆ ಅದೇ ಮೊದಲು, ಖಾರ ಬೇಕಾದವರು ಗುಂಟೂರಿನದನ್ನು ಹುಡುಕುತ್ತಾರೆ. ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದು ಮಾತಿನಲ್ಲಿ ಕೇಳಿಬಿಟ್ಟರು.

ನಾನು ಹೋಗುವಾಗ ಇದನ್ನು ಯಾರೂ ಕೇಳಿರಲಿಲ್ಲ. ರ‍್ಯಾಂಕ್ ನೋಡಿಯೇ ಆರಿಸಿದೆ. ಹೋದ ಮೇಲೆ ಗೊತ್ತಾಯಿತು, ನಾನು ಯಾವ ವಿಷಯಕ್ಕಾಗಿ ಅಷ್ಟು ಸಾಲ ಮಾಡಿ ಹೋಗಿದ್ದೆನೋ ಆ ಪೇಪರೇ ಆ ವರ್ಷ ಇಲ್ಲ, ಕಲಿಸುವ ಪ್ರೊಫೆಸರ್ ರಜೆಯಲ್ಲಿದ್ದಾರೆ ಅಂತ. ಎಷ್ಟು ಅತ್ತಿದ್ದೆ ಆ ವಾರ. ಯೂನಿವರ್ಸಿಟಿಯ ಮಾಹಿತಿ ಪುಸ್ತಕದಲ್ಲಿ ಪೇಪರಿನ ಹೆಸರು ಅಚ್ಚಾಗಿತ್ತು, ಕ್ಲಾಸ್ ಇರಲಿಲ್ಲ.

ಹಾಗಂತ ರ‍್ಯಾಂಕ್ ಸುಮ್ನೆ ಅಂದುಕೊಳ್ಳಬೇಡಿ. ಬೇರೆಯವರು ಅದನ್ನು ಜರಡಿ ಮಾಡಿಕೊಂಡ ಕಡೆ ಅದು ನಿಜವಾಗಿ ನಿಮ್ಮನ್ನು ತಡೆಯುತ್ತದೆ. ಕೇಂದ್ರ ಸರ್ಕಾರ ಪರಿಶಿಷ್ಟ ಜಾತಿ ಮೊದಲಾದವರಿಗೆ ಕೊಡುವ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್‌ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗಿನ ಸಂಸ್ಥೆ ಕೇಳುತ್ತದೆ. ಬ್ರಿಟನ್ನು 2022ರಲ್ಲಿ ಒಂದು ವೀಸಾ ತಂದಿತು, ಪಟ್ಟಿಗಳ ಮೇಲ್ತುದಿಯಲ್ಲಿರುವ ಬೇರೆ ದೇಶದ ಯೂನಿವರ್ಸಿಟಿಗಳಲ್ಲಿ ಓದಿದವರಿಗೆ. ಗಮನಿಸಿ, ಎರಡೂ ಕಡೆ ನೋಡುವುದು ಇಡೀ ಯೂನಿವರ್ಸಿಟಿಯ ಸ್ಥಾನ, ಲಾ ವಿಭಾಗದ್ದಲ್ಲ. ದೊಡ್ಡ ಲಾ ಫರ್ಮ್‌ಗಳಿಗೂ ಹೆಸರು ಬೇಕು. ಅಂಥ ಕಡೆ ಹೋಗುವವರು ಪಟ್ಟಿ ನೋಡಲೇಬೇಕು.

ಆದರೆ ಎಲ್‌ಎಲ್‌ಎಂ ಮೂಲಕ ನ್ಯೂಯಾರ್ಕ್ ಬಾರ್ ಪರೀಕ್ಷೆಗೆ ಕೂರುವವರಿಗೆ ಅಲ್ಲಿನ ನಿಯಮ ಕೇಳುವುದು ಮಾನ್ಯತೆ ಇರುವ ಲಾ ಸ್ಕೂಲು, ಕನಿಷ್ಠ 24 ಕ್ರೆಡಿಟ್ಟು, ಗೊತ್ತುಪಡಿಸಿದ ಕೆಲವು ವಿಷಯ. ರ‍್ಯಾಂಕ್ ಎಲ್ಲೂ ಬರುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗಲು 2021ರಿಂದ ಎಸ್‌ಕ್ಯೂಇ ಪರೀಕ್ಷೆ ಇದೆ, ಅದಕ್ಕೆ ಎಲ್‌ಎಲ್‌ಎಂ ಬೇಕೇ ಇಲ್ಲ. ಇಲ್ಲಿಗೆ ಬಂದು ಪಾಠ ಮಾಡುವ ಆಸೆ ಇದ್ದವರು ಮಾನ್ಯತೆಯ ವಿಚಾರ ಮೊದಲು ನೋಡಿ. ಬಾರ್ ಕೌನ್ಸಿಲ್‌ನ 2020ರ ನಿಯಮಗಳು ವಿದೇಶದ ಒಂದು ವರ್ಷದ ಎಲ್‌ಎಲ್‌ಎಂಗೆ ಅಡ್ಡ ಬಂದವು, ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಎಷ್ಟೇ ಮೇಲಿನ ರ‍್ಯಾಂಕ್ ಇದ್ದರೂ ಈ ತೊಡಕು ತಪ್ಪುವುದಿಲ್ಲ. ಇನ್ನು ನನ್ನ ಹಾಗೆ ಧಾರವಾಡದಲ್ಲಿ ವಕೀಲಿ ಮಾಡುವವರನ್ನು ಇಷ್ಟು ವರ್ಷದಲ್ಲಿ ಒಬ್ಬ ಕಕ್ಷಿದಾರನೂ ರ‍್ಯಾಂಕ್ ಎಷ್ಟು ಅಂತ ಕೇಳಿಲ್ಲ.

ಆ ಬ್ಯಾಡಗಿ ಹುಡುಗಿ ಎರಡು ಕಡೆ ಮೇಲ್ ಬರೆದಳು. ಈ ವರ್ಷ ಯಾವ ಪೇಪರ್ ನಡೆಯುತ್ತದೆ, ಯಾರು ಕಲಿಸುತ್ತಾರೆ, ಕಳೆದ ಸಲ ಭಾರತದಿಂದ ಬಂದವರು ಈಗ ಎಲ್ಲಿದ್ದಾರೆ, ಇಷ್ಟೇ. ಪಟ್ಟಿಯಲ್ಲಿ ಮೇಲಿದ್ದವರು ಬಣ್ಣದ ಬ್ರೋಷರ್ ಕಳಿಸಿದರು. ಕೆಳಗಿದ್ದವರು ಮೂರಕ್ಕೂ ಉತ್ತರ ಬರೆದು, ಹಳೆಯ ವಿದ್ಯಾರ್ಥಿನಿಯೊಬ್ಬರ ಜೊತೆ ಮಾತನಾಡಿಸಿದರು. ಅವಳು ಅಲ್ಲಿಗೇ ಹೋದಳು. ಹೊಲ ಮಾರುವ ಮಾತು ಬರಲಿಲ್ಲ.

ಅಂಥ ಮೇಲ್ ಹೇಗೆ ಬರೆಯೋದು ಅಂತ ಗೊತ್ತಾಗದಿದ್ದರೆ ಶನಿವಾರ ಬನ್ನಿ. ಕೋರ್ಟ್ ಇರಲ್ಲ, ಕೂತು ಬರೆಯೋಣ. ಬರುವಾಗ ಅಪ್ಪ ಅಮ್ಮನನ್ನೂ ಕರೆದುಕೊಂಡು ಬನ್ನಿ.